ಹಂಡೆ ಒಲೆಯ ಬೂದಿ

ಕಾಯುವುದು ನನಗೆ ಬರುವುದಿಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ತಿರುಗಾಡಿ, ಕಂಟ್ರೋಲರ್ ಹತ್ತಿರ ಮೂರು ಸಲ ಕೇಳಿ, ಬೈಸಿಕೊಂಡು ಬರುವ ಆಸಾಮಿ ನಾನು. ಅಂಥವನನ್ನು ಒಂದು ಕಾಯಿಲೆ ಎರಡು ವರ್ಷ ಆಸ್ಪತ್ರೆಯ ಬೆಂಚುಗಳ ಮೇಲೆ ಕೂರಿಸಿತು. ಪಕ್ಕದಲ್ಲಿ ಕೂತವರಿಗೆಲ್ಲ ಹೆಸರುಳ್ಳ ಕಾಯಿಲೆಗಳಿದ್ದವು. ಸಕ್ಕರೆ, ಬಿ.ಪಿ., ಮೂತ್ರಕೋಶದ ಕಲ್ಲು. ನನ್ನದನ್ನು ಹೇಳಿದರೆ "ಅದೂ ಒಂದು ಕಾಯಿಲೇನಾ?" ಎಂದು ಮುಖ ನೋಡುತ್ತಿದ್ದರು. ನನ್ನ ಹಾಗೆ ಒಬ್ಬನೇ ಕೂತು ಕಾಲು ಅಲ್ಲಾಡಿಸುತ್ತಿರುವ ಇನ್ನೊಬ್ಬ ಎಲ್ಲಾದರೂ ಇದ್ದರೆ, ಇದು ಅವನಿಗಾಗಿ.

ತೊಂಬತ್ತರ ದಶಕದಲ್ಲಿ ಟಿ. ನರಸೀಪುರದಲ್ಲಿ, ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ ಇತ್ತು. ಟ್ರ್ಯಾಕ್ಟರ್, ಲಾರಿ, ಮದುವೆ ಮನೆಯ ಮೈಕ್‌ಸೆಟ್, ಎಲ್ಲದರ ಬ್ಯಾಟರಿಯೂ ನನ್ನ ಬಾಗಿಲಿಗೇ ಬರಬೇಕಿತ್ತು. ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಕಾಲ. ಕ್ರಿಕೆಟ್ ಇದ್ದ ದಿನವಂತೂ ಟಿ.ವಿ.ಗೆ ಬ್ಯಾಟರಿ ಬೇಕೆಂದು ಬಿಳಿಗೆರೆ ಕಡೆಯಿಂದಲೂ ಸೈಕಲ್ ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಬರೀ ಚಾರ್ಜು ಮಾಡುವುದು ಯಾರಿಗೆ ಬರುವುದಿಲ್ಲ? ನನ್ನ ಹೆಚ್ಚುಗಾರಿಕೆ ಇದ್ದದ್ದು ಸತ್ತ ಬ್ಯಾಟರಿಯನ್ನು ಬಿಚ್ಚುವುದರಲ್ಲಿ. ಕರೀ ರಬ್ಬರಿನ ಡಬ್ಬ ಒಡೆದು, ಹಾಳಾದ ಪ್ಲೇಟು ತೆಗೆದು, ಸೀಸ ಕರಗಿಸಿ ಹೊಸದನ್ನು ಬೆಸೆದು, ಇನ್ನೊಂದು ಡಬ್ಬಕ್ಕೆ ಕೂರಿಸಿ ಕೊಟ್ಟರೆ ಮತ್ತೆ ಒಂದು ವರ್ಷ ಓಡುತ್ತಿತ್ತು. "ಮಾದೇವಣ್ಣ ಎಣಕ್ಕೂ ಜೀವ ಬರುಸ್ತಾನೆ ಕಣ್ಲಾ" ಎಂದು ಡ್ರೈವರುಗಳು ಹೇಳಿದರೆ ನನಗೆ ಊಟ ಬೇಕಾಗಿರಲಿಲ್ಲ.

ಊಟ ನಿಜವಾಗಿಯೂ ಬೇಡವಾದದ್ದು ಆಮೇಲೆ. ಮೊದಲು ಬಾಯಲ್ಲಿ ಒಂದು ಥರದ ಸಿಹಿ, ತಾಮ್ರದ ಕಾಸು ನೆಕ್ಕಿದ ಹಾಗೆ. ಆಮೇಲೆ ಹೊಟ್ಟೆ. ಹೊಕ್ಕುಳ ಸುತ್ತ ಯಾರೋ ಬಟ್ಟೆ ಹಿಂಡಿದಂತೆ ಹಿಂಡುವುದು, ಬಿಡುವುದು, ಹಿಂಡುವುದು. ಮಲವಿಸರ್ಜನೆ ನಾಲ್ಕು ದಿನಕ್ಕೊಮ್ಮೆ. ಊರಿನ ಡಾಕ್ಟರು ಗ್ಯಾಸ್ ಎಂದರು. ನಂಜನಗೂಡಿನವರು ಹುಣ್ಣು ಎಂದರು. ಮೂರನೆಯವರು ಅಪೆಂಡಿಕ್ಸ್ ಎಂದು ಆಪರೇಷನ್ನೇ ಮಾಡಿಬಿಟ್ಟರು. ಹೊಲಿಗೆ ಒಣಗುವ ಮೊದಲೇ ಅದೇ ನೋವು ಅದೇ ಜಾಗಕ್ಕೆ ಬಂದು ಕೂತಿತು. ನಡುವೆ ನನ್ನವ್ವ ದೃಷ್ಟಿ ತೆಗೆದಳು, ಯಾರೋ ಹೇಳಿದ ಕಷಾಯ ಕುಡಿಸಿದಳು. ನಾನು ಎಲ್ಲವನ್ನೂ ಬೈದುಕೊಂಡೇ ಕುಡಿದೆ.

ಬೈಯುವುದು ಆ ದಿನಗಳಲ್ಲಿ ನನ್ನ ಮುಖ್ಯ ಕಸುಬಾಗಿತ್ತು. ಲೋಟ ಸದ್ದು ಮಾಡಿದರೆ ಸಿಟ್ಟು, ಸದ್ದು ಮಾಡದಿದ್ದರೂ ಸಿಟ್ಟು. ಮುಖ ಬಿಳಿಚಿಕೊಂಡಿತ್ತು, ಕೈ ನಡುಗುತ್ತಿತ್ತು, ಸ್ಪ್ಯಾನರ್ ಹಿಡಿದರೆ ಜಾರುತ್ತಿತ್ತು. ಹೆಡತಲೆಯಿಂದ ಬಂದ ನನ್ನ ಮಾವ ಒಂದು ಗಂಟೆ ನನ್ನನ್ನು ದಿಟ್ಟಿಸಿ ನೋಡಿ, ಮಗಳನ್ನು ಹಿತ್ತಲಿಗೆ ಕರೆದು ಕೇಳಿದರಂತೆ, "ಕುಡಿಯಾದು ಸುರು ಮಾಡವ್ನಾ ಮಗಾ? ನಿಜ ಏಳು." ನಮ್ಮ ಮನೆಯಲ್ಲಿ ಲಿಂಗಪೂಜೆ ಇಲ್ಲದೆ ಯಾರೂ ನೀರು ಮುಟ್ಟಿದವರಲ್ಲ. ಮಂಜುಳ ಅಪ್ಪನಿಗೆ ಏನು ಹೇಳಿದಳೋ ಗೊತ್ತಿಲ್ಲ. ನನಗೆ ಮಾತ್ರ, "ಮೈಸೂರಿಗೆ ಓಗ್ದಿದ್ರೆ ನಾನೂ ಮಗಾನೂ ಹೆಡತಲೆಗೆ ಓಯ್ತೀವಿ" ಎಂದಳು. ಹೆದರಿಸುವ ಧಾಟಿಯಲ್ಲಲ್ಲ, ಅಕ್ಕಿ ಆರಿಸುತ್ತಾ ಹೇಳಿದಳು. ಅದಕ್ಕೇ ಹೆದರಿ ಹೊರಟೆ.

ಮೈಸೂರಿನ ಆ ಡಾಕ್ಟರಮ್ಮನ ಹೆಸರು ಇಲ್ಲಿ ಬೇಡ. ಐವತ್ತು ದಾಟಿದ್ದರು, ಮಾತು ಕಡಿಮೆ. ನಾನು ಎರಡೂವರೆ ಗಂಟೆ ಕಾದು, ಒಳಗೆ ಹೋಗಿದ್ದೇ ಹಳೆಯ ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದೆ. ಅವರು ಕಟ್ಟನ್ನು ಬಿಚ್ಚಲೇ ಇಲ್ಲ. ಟಾರ್ಚು ಹಿಡಿದು, ನನ್ನ ಕೆಳತುಟಿಯನ್ನು ಬೆರಳಲ್ಲಿ ಮಡಚಿ ಒಸಡು ನೋಡಿದರು. ಆಮೇಲೆ ನನ್ನ ಎರಡೂ ಕೈಯನ್ನು ಮುಂದೆ ಚಾಚಿಸಿ, ಗಾಡಿ ನಿಲ್ಲಿಸುವವರ ಹಾಗೆ ಅಂಗೈ ಮೇಲೆತ್ತಿ ಹಿಡಿಯಿರಿ ಎಂದರು. ಬಲಗೈ ಮಣಿಕಟ್ಟು ತಾನಾಗಿಯೇ ಇಳಿಯಿತು.

"ಏನು ಕೆಲಸ ನಿಮ್ದು?"

"ಬ್ಯಾಟರಿ ಅಂಗಡಿ ಮೇಡಂ."

"ಒಡೀತೀರಾ?"

ಮೂರು ಡಾಕ್ಟರುಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಹೌದು ಎಂದೆ, ಸ್ವಲ್ಪ ಜಂಬದಿಂದಲೇ. ಸೀಸ ಕೂಡ ಕರಗಿಸ್ತೀನಿ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಅದೇ ನಿಮ್ಮ ಹೊಟ್ಟೇಲಿರೋದು," ಎಂದರು. ರಕ್ತ ತೆಗೆದು ಬೆಂಗಳೂರಿಗೆ ಕಳಿಸಬೇಕು, ಇಲ್ಲಿ ಆ ಪರೀಕ್ಷೆ ಇಲ್ಲ. ಫಲಿತಾಂಶ ಬರಲು ಹದಿನೈದು ದಿನ. ಎದ್ದು ಬಾಗಿಲ ಹತ್ತಿರ ಹೋದವನನ್ನು ಮತ್ತೆ ಕರೆದರು. "ಮನೇಲಿ ಮಕ್ಕಳಿದ್ದಾರಾ?"

"ಒಬ್ಳು ಮಗಳು. ನಾಕು ವರ್ಷ."

"ಮುಂದಿನ ಸಲ ಅವಳನ್ನೂ ಕರ್ಕೊಂಡು ಬನ್ನಿ."

ಆ ಹದಿನೈದು ದಿನ ನಾನು ಮನೆಯಲ್ಲಿ ಕೂತವನಲ್ಲ, ಅಂಗಡಿಯಲ್ಲಿ ಕೂತವನಲ್ಲ. ಮಗಳು ರಶ್ಮಿ ಎಲ್ಲಿ ಹೋದರೆ ಅಲ್ಲಿ ಹಿಂದೆ ಹೋಗಿ ಅವಳನ್ನು ನೋಡುವುದೇ ನನ್ನ ಕೆಲಸವಾಯಿತು. ಅಲ್ಲಿಯವರೆಗೆ ಅವಳನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ ಎನ್ನಬೇಕು. ಪಕ್ಕದ ಮನೆಯ ಅವಳ ವಯಸ್ಸಿನ ಮಕ್ಕಳು ಗಿಣಿಯ ಹಾಗೆ ಮಾತಾಡುತ್ತಿದ್ದರೆ ಇವಳದು ಎರಡೆರಡೇ ಪದ. ಮಣ್ಣು ತಿನ್ನುತ್ತಿದ್ದಳು. ಮುಖ ಸಪ್ಪೆ. "ನಮ್ ವಂಸದಲ್ಲಿ ಎಲ್ರೂ ಮಾತು ತಡನೇ, ನೀನೂ ಅಂಗೇ ಇದ್ದೆ" ಎಂದು ಅವ್ವ ಹೇಳಿದ್ದನ್ನು ನಾವೆಲ್ಲ ನಂಬಿ ಆರಾಮಾಗಿ ಇದ್ದೆವು.

ಫಲಿತಾಂಶ ಬಂತು. ನನ್ನ ರಕ್ತದಲ್ಲಿ ಸೀಸ ಇರಬಾರದಷ್ಟು ಇತ್ತು. ಅದಕ್ಕೆ ನಾನು ತಯಾರಾಗಿದ್ದೆ, ಒಡೆಯುವುದು ನಿಲ್ಲಿಸುತ್ತೇನೆಂದು ಮಾತು ಕೊಟ್ಟು ಮಾತ್ರೆ ಬರೆಸಿಕೊಂಡೆ. ಆದರೆ ಎರಡು ವಾರದ ಮೇಲೆ ಮಂಜುಳ ಮತ್ತು ರಶ್ಮಿಯದು ಬಂದಾಗ ಡಾಕ್ಟರಮ್ಮ ಕಾಗದವನ್ನು ನನ್ನ ಕಡೆ ತಿರುಗಿಸಲಿಲ್ಲ. ಮಂಜುಳನದು ಸ್ವಲ್ಪ ಹೆಚ್ಚು, ಮಗುವಿನದು ತುಂಬ ಹೆಚ್ಚು ಎಂದಷ್ಟೇ ಹೇಳಿದರು. ಅಂಗಡಿ ಇರುವುದು ಮನೆಯಿಂದ ಅರ್ಧ ಮೈಲಿ ದೂರ. ರಶ್ಮಿ ಅಲ್ಲಿಗೆ ಬಂದದ್ದು ವರ್ಷಕ್ಕೊಮ್ಮೆ ಆಯುಧಪೂಜೆಗೆ.

"ಮಾತ್ರೆ ಕೊಡಿ ಮೇಡಂ. ಎಷ್ಟು ಬೇಕಾದ್ರೂ ಕೊಡಿ."

"ಕೊಡಲ್ಲ," ಎಂದರು. "ಒಳಗೆ ಹೋಗೋದು ನಿಲ್ಲದೆ ಇದ್ರೆ ಹೊರಗೆ ತೆಗೆದು ಏನು ಪ್ರಯೋಜನ? ಮೊದ್ಲು ಎಲ್ಲಿಂದ ಹೋಗ್ತಿದೆ ಕಂಡುಹಿಡೀರಿ. ಅಂಗಡಿ ಬಂದ್ ಮಾಡಿ. ಮನೆ ಒದ್ದೆ ಬಟ್ಟೇಲಿ ಒರೆಸಿ. ಕೈ, ಬಟ್ಟೆ, ಪಾತ್ರೆ ಎಲ್ಲಾ ಚೆನ್ನಾಗಿ ತೊಳೀರಿ. ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ. ಬೆಳೆಯೋ ಮೆದುಳು, ಹೆಚ್ಚು ದಿನ ಇಲ್ಲ ನಮಗೆ."

ನನ್ನ ಮುಖ ನೋಡಿ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದರು. ಇದು ನಿಮ್ಮೊಬ್ಬರ ಮನೆಯದಲ್ಲ, ಬ್ಯಾಟರಿ ಒಡೆಯುವ ಕಡೆಯೆಲ್ಲ, ಎಷ್ಟೋ ದೇಶಗಳಲ್ಲಿ ಮಕ್ಕಳಿಗೆ ಹೀಗೇ ಆಗಿದೆ ಎಂದರು. ಪ್ರಪಂಚ ತುಂಬ ಮಕ್ಕಳಿಗೆ ಆಗಿದೆ ಎಂದರೆ ನನಗೆ ಸಮಾಧಾನವಾಗಬೇಕೆ? ನನಗೆ ಕೆಟ್ಟ ಸಿಟ್ಟು ಬಂತು. ಅಷ್ಟು ದೇಶಗಳಿಗೆ ಗೊತ್ತಿದ್ದದ್ದು ನರಸೀಪುರಕ್ಕೆ ಯಾಕೆ ಗೊತ್ತಾಗಲಿಲ್ಲ ಎಂದು ಬಸ್ಸಿನ ಉದ್ದಕ್ಕೂ ಗೊಣಗಿದೆ. ದಾರಿಯ ಪೆಟ್ರೋಲ್ ಬಂಕಿನಲ್ಲಿ "ಸೀಸರಹಿತ ಪೆಟ್ರೋಲ್" ಎಂದು ಹೊಸ ಬೋರ್ಡು ಹಾಕಿದ್ದರು. ಗಾಡಿಗಳಿಗೆ ಸಿಕ್ಕ ಮರ್ಯಾದೆ ನನ್ನ ಮಗಳಿಗೆ ಸಿಕ್ಕಿಲ್ಲವಲ್ಲ ಎಂದುಕೊಂಡೆ. ಮಂಜುಳ ಕಿಟಕಿಯ ಪಕ್ಕ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನಡುವೆ ಒಂದು ಕ್ರಾಸಿನಲ್ಲಿ ಇಳಿಯಬೇಕಿದ್ದ ಒಬ್ಬ ಮುದುಕರು ಎದ್ದು ಹೋಗುವಾಗ ಕಡಲೆಕಾಯಿ ಪೊಟ್ಟಣವನ್ನು ಸುಮ್ಮನೆ ಅವಳ ಪಕ್ಕ ಇಟ್ಟು ಹೋದರು. ಅವರಿಗೆ ಏನು ಗೊತ್ತಿತ್ತೋ, ಆಗ ಮಾತ್ರ ಅವಳು ಅತ್ತಳು.

ಮಾರನೇ ದಿನವೇ ಅಂಗಡಿ ಮುಚ್ಚಿದೆ. ಪ್ಲೇಟುಗಳನ್ನು ಗುಜರಿಯವನಿಗೆ ಕೊಟ್ಟೆ. ಒಡೆದ ರಬ್ಬರ್ ಡಬ್ಬಗಳು ಗುಜರಿಗೆ ಬೇಡ. ಅಂಗಡಿ ಖಾಲಿ ಮಾಡಬೇಕಲ್ಲ ಎಂದು ಎರಡು ಗಾಡಿ ಡಬ್ಬಗಳನ್ನು ಮನೆಯ ಹಿತ್ತಲಿಗೆ ಸಾಗಿಸಿದೆ. ಅದು ಹೊಸದೇನಲ್ಲ. ವರ್ಷಗಳಿಂದ ಮುರಿದ ಡಬ್ಬಗಳನ್ನು ಮನೆಗೆ ತರುತ್ತಲೇ ಇದ್ದೆ. ಬಚ್ಚಲು ಮನೆಯ ಹಂಡೆ ಒಲೆಗೆ ಒಂದು ಚೂರು ಹಾಕಿದರೆ ಸಾಕು, ಸೌದೆ ಇಲ್ಲದೆ ನೀರು ಕೊತಕೊತ ಎನ್ನುತ್ತಿತ್ತು. ಸೌದೆಗೆ ತಿರುಗಾಡುವ ಬೀದಿಯ ಹೆಂಗಸರೆಲ್ಲ ನಮ್ಮವ್ವನ ಪುಣ್ಯ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು.

ಆಮೇಲೆ ನನ್ನ ಹುಡುಕಾಟ ಶುರುವಾಯಿತು. ಕೆಲಸವಿಲ್ಲದ ಸಿಡುಕ ಮನೆಯಲ್ಲಿದ್ದರೆ ಏನಾಗುತ್ತದೋ ಅದೆಲ್ಲ ಆಯಿತು. ನನ್ನ ಅಂಗಡಿ ಬಟ್ಟೆಗಳನ್ನು ಎಸೆದೆ, ಚಪ್ಪಲಿ ಎಸೆದೆ. ನಲ್ಲಿ ನೀರು ಬಿಟ್ಟು ಬಾವಿ ನೀರು, ಬಾವಿ ಬಿಟ್ಟು ಮತ್ತೆ ನಲ್ಲಿ. ಬಾಗಿಲಿನ ಹಸಿರು ಬಣ್ಣ ಕೆರೆದು ತೆಗೆದೆ. ಅರಿಸಿನ ಬದಲಿಸಿದೆ. ರಶ್ಮಿಯ ಬಣ್ಣದ ಗಿಲಕಿ, ಗೊಂಬೆ ಎಲ್ಲ ಕಿತ್ತುಕೊಂಡೆ. ಅವಳು ಅಳುತ್ತಾ ನಿಂತಳು. ಅವಳ ಕೈಗೆ ಮಣ್ಣು ಸಿಗಬಾರದೆಂದು ಅಂಗಳಕ್ಕೆಲ್ಲ ಚಪ್ಪಡಿ ಹಾಕಿಸಿದೆ. "ಕೂತ್ಕಳ್ರೀ ಒಂದ್ ಗಳ್ಗೆ, ತಲೆ ತಿರುಗ್ತದೆ ನಿಮ್ಮ ನೋಡುದ್ರೆ" ಎಂದು ಮಂಜುಳ ಕೈಮುಗಿದಳು.

ಅವ್ವನಿಗೂ ಡಾಕ್ಟರಮ್ಮನ ಮಾತು ಹೇಳಿದ್ದೆವು. ಪಾತ್ರೆ ಚೆನ್ನಾಗಿ ತೊಳೆಯಬೇಕು ಎಂದದ್ದು ಅವಳ ಮನಸ್ಸಿಗೆ ನಾಟಿತು. ಪಾತ್ರೆ ತಿಕ್ಕುವುದರಲ್ಲಿ ಅವ್ವನನ್ನು ಮೀರಿಸುವವರು ಇಲ್ಲ. ಹಂಡೆ ಒಲೆಯ ಬೂದಿಯನ್ನು ಜರಡಿಯಲ್ಲಿ ಸೋಸಿ, ನುಣ್ಣಗಿನದನ್ನು ಡಬ್ಬಕ್ಕೆ ತುಂಬಿ, ತೆಂಗಿನ ನಾರಿನಲ್ಲಿ ಉಜ್ಜಿದರೆ ಹಿತ್ತಾಳೆ ತಪ್ಪಲೆಯಲ್ಲಿ ಮುಖ ಕಾಣುತ್ತಿತ್ತು. ಮೊಮ್ಮಗಳಿಗಾಗಿ ಈಗ ದಿನಕ್ಕೆ ಎರಡು ಸಲ ಉಜ್ಜತೊಡಗಿದಳು. ರಶ್ಮಿಯ ಹಾಲಿನ ಲೋಟ, ಊಟದ ತಟ್ಟೆಗಳಿಗಂತೂ ಮೂರು ಸಲ.

ಎರಡು ತಿಂಗಳು ಕಳೆಯಿತು. ಮತ್ತೆ ರಕ್ತ, ಮತ್ತೆ ಬೆಂಚು. ಈ ಸಲ ರಕ್ತ ತೆಗೆಯುವ ಹುಡುಗಿ ರಶ್ಮಿಗೆ ಸೂಜಿ ಕಾಣದಂತೆ ತನ್ನ ಸೆರಗು ಅಡ್ಡ ಹಿಡಿದು, "ಚುಕ್ಕಿ ಎಣಿಸು ನೋಡೋಣ" ಎಂದು ಸೀರೆಯ ಚುಕ್ಕಿ ತೋರಿಸಿದಳು. ರಶ್ಮಿ "ಒಂದು, ಎಡ್ಡು, ಒಂದು, ಎಡ್ಡು" ಎನ್ನುತ್ತಾ ಅಳದೆ ಕೂತಳು. ಹುಡುಗಿಯ ಆ ಉಪಾಯಕ್ಕೆ ನಾನು ಇವತ್ತಿಗೂ ಋಣಿ. ಎರಡರ ಮುಂದೆ ಮಗಳು ಹೋಗಲಿಲ್ಲವಲ್ಲ ಎಂಬುದೂ ಇವತ್ತಿಗೂ ಚುಚ್ಚುತ್ತದೆ.

ಕಾಗದ ಬಂತು. ಮಾತ್ರೆ ನುಂಗಿದ ನನ್ನದೇ ಇಳಿದಿರಲಿಲ್ಲ. ರಶ್ಮಿಯದು ಏರಿತ್ತು.

"ಅಂಗಡಿ ನಿಜವಾಗ್ಲೂ ಮುಚ್ಚಿದ್ದೀರಾ?" ಎಂದರು ಡಾಕ್ಟರಮ್ಮ. ಅವರಿಗೂ ನನ್ನ ಮೇಲೆ ಅನುಮಾನ. ಮುಚ್ಚಿದೀನಿ, ನನ್ನ ಮಗಳಾಣೆ ಎಂದೆ. ಅವರು, "ಹಾಗಾದ್ರೆ ಅಂಗಡಿ ಮನೆಗೆ ಬಂದಿದೆ. ಹುಡುಕಿ" ಎಂದರು.

ಮನೆಗೆ ಬಂದು ಜಗಲಿ ಮೇಲೆ ಕೂತೆ. ಎಸೆಯಲು ಇನ್ನೇನೂ ಉಳಿದಿರಲಿಲ್ಲ. ಹನ್ನೊಂದು ಗಂಟೆ ಬಿಸಿಲು. ಹಿತ್ತಲಲ್ಲಿ ಅವ್ವ ಬೂದಿ ಜರಡಿ ಹಿಡಿಯುವ ಸದ್ದು, ಸರ್‌ಸರ್ ಎಂದು. ಆ ಸದ್ದೂ ಸಹಿಸದೆ, ನಿಲ್ಲಿಸವ್ವ ಎಂದು ಗದರಲು ಎದ್ದು ಹೋದೆ. ಜರಡಿಯ ಮೇಲೆ ಉಳಿದ ಕಸದಲ್ಲಿ ಇದ್ದಿಲ ಚೂರು, ಮೊಳೆ, ಅವುಗಳ ನಡುವೆ ನಾಲ್ಕಾರು ಹೊಳೆಯುವ ಕಾಳು. ಸಾಸಿವೆಗಿಂತ ದಪ್ಪ, ಹೆಸರುಕಾಳಿಗಿಂತ ಸಣ್ಣ. ಒಂದನ್ನು ತೆಗೆದು ಉಗುರಲ್ಲಿ ಒತ್ತಿದೆ. ಉಗುರಿನ ಗೆರೆ ಮೂಡಿತು.

ಹದಿನಾರು ವರ್ಷ ಸೀಸ ಕರಗಿಸಿದವನಿಗೆ ಸೀಸದ ಕಾಳು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಡಬ್ಬದ ರಬ್ಬರಿಗೆ ಅಂಟಿಕೊಂಡ ಸೀಸ, ಹಂಡೆ ಒಲೆಯಲ್ಲಿ ಕರಗಿ ಕಾಳಾಗಿತ್ತು. ಕಾಳಾಗದೆ ಪುಡಿಯಾದದ್ದು ಜರಡಿಯ ಕೆಳಗೆ, ಅವ್ವನ ಡಬ್ಬದಲ್ಲಿ, ಮಗಳ ತಟ್ಟೆಯಲ್ಲಿ ಇತ್ತು. ಅಂಗಡಿ ಮುಚ್ಚಿ ನಾನು ತಂದು ಹಾಕಿದ ಎರಡು ಗಾಡಿ ಡಬ್ಬಗಳಿಂದ ಒಲೆ ಆ ಎರಡು ತಿಂಗಳು ಎಂದಿಗಿಂತ ಜೋರಾಗಿ ಉರಿದಿತ್ತು. ಹಾಗೇ ಕಾಲು ಮಡಚಿ ನೆಲದ ಮೇಲೆ ಕೂತುಬಿಟ್ಟೆ.

"ಏನ್ಲಾ ಮಾದೇವ? ಒಟ್ಟೆ ನೋವಾ?" ಎಂದಳು ಅವ್ವ.

ಹೇಳಿದೆ. ಮೆತ್ತಗೆ ಹೇಳಬೇಕಿತ್ತು. ನನಗೆ ಹಾಗೆ ಹೇಳಲು ಬರುವುದಿಲ್ಲ. ಅವ್ವ ಜರಡಿಯನ್ನು ನಿಧಾನವಾಗಿ ಕೆಳಗಿಟ್ಟಳು, ತನ್ನ ಎರಡು ಕೈಗಳನ್ನು ನೋಡಿಕೊಂಡಳು. "ಮೂರ್ ಮೂರ್ ಸಲ ತಿಕ್ಕಿದ್ನಲ್ಲಪ್ಪ. ನನ್ ಕೈಯಾರೆ ತಿಕ್ಕಿದ್ನಲ್ಲಾ." ಅಷ್ಟೇ ಅಂದದ್ದು. ಡಬ್ಬ ತಂದವನು ನಾನು, ಒಲೆಗೆ ಹಾಕು ಎಂದವನು ನಾನು ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಆ ದಿನ ಅವಳು ಊಟ ಮಾಡಲಿಲ್ಲ, ಮಾರನೇ ದಿನವೂ ಮಾಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಮ್ಮ ಮನೆಯ ಕಷ್ಟ ನಮ್ಮ ಮನೆಯಲ್ಲೇ ಇರುತ್ತಿತ್ತು. ಆದರೆ ಅವ್ವನ ಬೂದಿ ಬೀದಿಗೆಲ್ಲ ಹೆಸರುವಾಸಿ. ಹಬ್ಬ ಬಂತೆಂದರೆ ಹಿತ್ತಾಳೆ ಪಾತ್ರೆ ಬೆಳಗಲು "ಗೌರಮ್ಮಕ್ಕ, ಒಂದೀಟು ಬೂದಿ ಕ್ವಡು" ಎಂದು ಬರುವವರು ಇದ್ದರು. ದಿನಾ ಒಯ್ಯುತ್ತಿದ್ದವಳು ಎದುರು ಮನೆಯ ಸಾಕಮ್ಮ. ಅವಳ ಮನೆಯಲ್ಲಿ ತೆವಳುವ ಮೊಮ್ಮಗು.

"ನಾಳೆ ಸಾಕಮ್ಮುಂಗೆ ಏಳಬೇಕು" ಎಂದೆ.

ಅವ್ವ ಮೊದಲ ಸಲ ದನಿ ಏರಿಸಿದಳು. "ಏಳ್ಬೇಡ ಕಣೋ. ಕ್ವಡದು ನಿಲ್ಸುದ್ರೆ ಸಾಕು. ಒಲೆ ಕೆಟ್ಟದೆ ಅಂತೀನಿ. ಮಗಾನ ಇಸ ಆಕಿ ಸಾಯ್ಸಕ್ಕೆ ಓದ್ಲು ಅಂತಾರೆ ನನ್ನ. ಬೀದೀಲಿ ತಲೆ ಎತ್ಕಂಡು ಓಡಾಡದು ಬ್ಯಾಡ್ವಾ ನಾನು?"

ನಿಜ ಹೇಳುತ್ತೇನೆ, ನನಗೂ ಹಾಗೇ ಅನಿಸಿತ್ತು. ಕೊಡುವುದು ನಿಂತರೆ ಸಾಕಲ್ಲ. ಮಂಜುಳನೇ ತಡೆದಳು. ಅವಳು ಅತ್ತೆಗೆ ಎದುರು ಮಾತಾಡಿದವಳಲ್ಲ. "ಅತ್ತೆಮ್ಮ, ನಮ್ ಮಗೀಗೆ ಇಂಗಾಗದೆ ಅಂತ ಗೊತ್ತಿದ್ದೂ ಇನ್ನೊಬ್ರು ಬಾಯಿ ಮುಚ್ಕಂಡಿದ್ರೆ ನಾವೇನು ಮಾಡ್ತಿದ್ದೋ?" ಎಂದು ಕೇಳಿ ಒಳಗೆ ಹೋದಳು.

ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಅವ್ವ ಸೆರಗು ಹೊದ್ದು ಹೊರಗೆ ಬಂದು ನಿಂತಿದ್ದಳು. "ಕ್ವಟ್ಟೋಳು ನಾನು. ಇಸ್ಕಂಡ್ ಬರೋಳೂ ನಾನೇ" ಎಂದಳು.

ಸಾಕಮ್ಮ ಮೊದಲು ನಕ್ಕಳು. "ಬೂದಿ ವಾಪಸ್ ಕ್ವಡಬೇಕಾ? ಅಪ್ರೂಪಕ್ಕೆ ಬಂದಿದ್ದೀಯ, ಸಕ್ರೆ ಕೇಳು, ಕಾಪಿಪುಡಿ ಕೇಳು ಗೌರಮ್ಮಕ್ಕ!" ಅವ್ವ ನಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ನನಗಿಂತ ಚೆನ್ನಾಗಿ, ಒಂದು ಮಾತನ್ನೂ ಬಿಡದೆ. ಸಾಕಮ್ಮನ ನಗು ಹೋಯಿತು. ಎದ್ದು ಒಳಗೆ ಹೋಗಿ, ಮೊದಲು ಮೊಮ್ಮಗುವನ್ನು ಎತ್ತಿಕೊಂಡು ಬಂದಳು, ಆಮೇಲೆ ಬೂದಿ ಡಬ್ಬ ತಂದು ಅವ್ವನ ಕಾಲ ಹತ್ತಿರ ಇಟ್ಟಳು. ಅವಳ ಮಗ ಹೊರಗೆ ಬಂದು, ಬೀದಿಗೆ ಕೇಳುವಂತೆ, ನನ್ನ ವಂಶವನ್ನೆಲ್ಲ ಜಾಲಾಡಿ ಬೈದ. ಸಿಡುಕನಾದ ನಾನು ಅವತ್ತು ತುಟಿ ಬಿಚ್ಚಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಬೈಯುವುದರಲ್ಲೇ ನಿಲ್ಲಿಸುತ್ತಿರಲಿಲ್ಲ.

ಏಳು ಮನೆಗೆ ಹೋದೆವು. ಇಬ್ಬರು ನಂಬಲಿಲ್ಲ. ಒಬ್ಬಾಕೆ, "ಬೂದಿಯಿಂದ ಯಾರಾದ್ರೂ ಕಾಯಿಲೆ ಬೀಳ್ತಾರಾ? ಅಣೆಗೆ ಅಚ್ಕಳ್ಳಾದು ಏನು ಮತ್ತೆ?" ಎಂದು ವಿಭೂತಿ ತೋರಿಸಿದಳು. ಅದು ಬೇರೆ, ಇದು ಬೇರೆ ಎಂದು ನಾನು ಅರ್ಧ ಗಂಟೆ ಒದರಿದೆ. ಅವಳು ಡಬ್ಬ ಕೊಡಲಿಲ್ಲ. ಮುಂದಿನ ವಾರ ಸಾಕಮ್ಮನ ಮನೆಯವರನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದವನು ನಾನೇ. ಆ ಮಗು ಇನ್ನೂ ಅನ್ನ ತಿನ್ನುವ ವಯಸ್ಸಿಗೆ ಬಂದಿರಲಿಲ್ಲ, ತಾಯಿ ಹಾಲೇ ಹೆಚ್ಚು. ಅದರ ರಕ್ತದಲ್ಲಿ ಭಯಪಡುವಷ್ಟು ಇಲ್ಲ ಎಂದು ಕಾಗದ ಬಂದ ದಿನ ಸಾಕಮ್ಮ ನಮ್ಮ ಮನೆಗೆ ಬಂದು ಅವ್ವನ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡಳು. ಅವ್ವ ಅವತ್ತು ಸರಿಯಾಗಿ ಊಟ ಮಾಡಿದಳು.

ವಾಪಸ್ ತಂದ ಬೂದಿ, ಉಳಿದ ಡಬ್ಬಗಳು, ಒಲೆಯ ಇಟ್ಟಿಗೆ ಎಲ್ಲವನ್ನೂ ಡ್ರಮ್ಮಿನಲ್ಲಿ ತುಂಬಿ ಮುಚ್ಚಿದೆ. ಎಲ್ಲಿ ಹಾಕುವುದು? ತಿಪ್ಪೆಗೆ ಹಾಕಿದರೆ ಹೊಲಕ್ಕೆ ಹೋಗುತ್ತದೆ, ಹೊಳೆಗೆ ಹಾಕಿದರೆ ಕೆಳಗೆ ತಲಕಾಡಿನವರೆಗೂ ಜನ ಅದನ್ನೇ ಕುಡಿಯುತ್ತಾರೆ. ಮೈಸೂರಿನ ಒಂದು ಕಚೇರಿಗೆ ಹೋಗಿ ಕೇಳಿದೆ. ಅರ್ಜಿ ಬರೆದುಕೊಡಿ ಎಂದರು, ಬರೆದುಕೊಟ್ಟೆ. ಡ್ರಮ್ಮು ಒಂದು ವರ್ಷ ಮುಚ್ಚಿದ ಅಂಗಡಿಯೊಳಗೇ ಇತ್ತು. ಕೊನೆಗೆ ಸೀಸದ ಕಾರ್ಖಾನೆಯ ಲಾರಿಯವನೊಬ್ಬ ತೆಗೆದುಕೊಂಡು ಹೋದ. ಎಲ್ಲಿಗೆ ಎಂದು ಕೇಳಿದ್ದಕ್ಕೆ "ದೂರ ಸಾ" ಎಂದ. ಆ ದೂರದಲ್ಲಿ ಯಾರ ಮನೆ ಇದೆಯೋ ಎಂಬ ಯೋಚನೆ ಈಗಲೂ ಬಂದು ಹೋಗುತ್ತದೆ.

ರಶ್ಮಿಗೆ ಮಾತ್ರೆ ಶುರುವಾಯಿತು. ಅದಕ್ಕೊಂದು ಕೆಟ್ಟ ವಾಸನೆ. ಬಾಳೆಹಣ್ಣಿನೊಳಗೆ ಇಟ್ಟರೆ ಹಣ್ಣು ತಿಂದು ಮಾತ್ರೆ ಉಗಿಯುತ್ತಿದ್ದಳು. ಪುಡಿ ಮಾಡಿ ಬೆಲ್ಲದ ಪಾಕಕ್ಕೆ ಹಾಕಿದರೆ ಬೆಲ್ಲವನ್ನೇ ಬಿಟ್ಟಳು. ಕೊನೆಗೆ ಅವ್ವ ಉಪಾಯ ಕಂಡುಹಿಡಿದಳು. ಮೊಮ್ಮಗಳ ಎದುರು ಕೂತು ತಾನೊಂದು ಹುಣಿಸೆಬೀಜ ನುಂಗಿದಂತೆ ಮಾಡಿ ಮುಖ ಹಿಂಡುವುದು, ಮಗು ಅದನ್ನು ನೋಡಿ ನಗುತ್ತಾ ತನ್ನದನ್ನು ನುಂಗುವುದು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಕಬ್ಬಿಣದ ಟಾನಿಕ್ಕಿನಿಂದ ಹಲ್ಲು ಕಪ್ಪಾಯಿತು. ಪ್ರತಿ ಎರಡು ತಿಂಗಳಿಗೆ ಬೆಂಚು, ಸೂಜಿ, ಹದಿನೈದು ದಿನದ ಕಾಯುವಿಕೆ. ಪ್ರತಿ ಸಲ ಇಳಿಯಿತು, ಆದರೆ ನಾನು ಬಯಸಿದಷ್ಟು ಯಾವತ್ತೂ ಇಳಿಯಲಿಲ್ಲ. ಒಂದು ದಿನ ಬಸ್ಸಿನಲ್ಲಿ ಬರುವಾಗ ರಶ್ಮಿ ಕಿಟಕಿಯಿಂದ ಕೈ ತೋರಿಸಿ, "ಅಪ್ಪ, ಆ ಎಮ್ಮೆ ನೀರಲ್ಲಿ ಯಾಕೆ ಕೂತದೆ?" ಎಂದಳು. ಇಡೀ ವಾಕ್ಯ. ಕಂಡಕ್ಟರೇ, "ಸೆಕೆ ಕಣವ್ವ ಅದುಕ್ಕೆ" ಎಂದ.

ನನ್ನ ಹೊಟ್ಟೆ ನೋವು ಹೋಯಿತು. ಮಣಿಕಟ್ಟು ಮುಕ್ಕಾಲು ಪಾಲು ಸರಿಯಾಯಿತು. ಸಿಟ್ಟೂ ಆ ಕಾಯಿಲೆಯದೇ ಒಂದು ಲಕ್ಷಣ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಹಳೆಯ ಜಗಳಗಳನ್ನೆಲ್ಲ ಸೀಸದ ತಲೆಗೆ ಕಟ್ಟಿದೆ. ಮಂಜುಳ ಒಂದು ವರ್ಷ ನೋಡಿ ಹೇಳಿದಳು, "ಸೀಸ ಇಳೀತು, ಸಿಟ್ಟು ಅಲ್ಲೇ ಅದೆ ಕಣ್ರೀ." ಈಗ ಅದೇ ಅಂಗಡಿಯಲ್ಲಿ ಸೀಲಾದ ಹೊಸ ಬ್ಯಾಟರಿ ಮಾರುತ್ತೇನೆ, ಯಾವುದನ್ನೂ ಬಿಚ್ಚುವುದಿಲ್ಲ. ಹಳೇ ಡಬ್ಬ ಒಲೆಗೆ ಕೊಡು ಎಂದು ಈಗಲೂ ಯಾರಾದರೂ ಕೇಳಿದರೆ ಅವರನ್ನು ಕೂರಿಸಿ ಈ ಕಥೆಯನ್ನೆಲ್ಲ ಹೇಳಿ ಕಳಿಸುತ್ತೇನೆ. ಎರಡನೇ ಸಲ ಕೇಳಲು ಅವರು ಬರುವುದಿಲ್ಲ.

ರಶ್ಮಿ ಈಗ ಒಂಬತ್ತನೇ ಕ್ಲಾಸು. ಥ್ರೋಬಾಲ್ ಆಡುತ್ತಾಳೆ, ಊರಿನ ಸುದ್ದಿಯೆಲ್ಲ ತಂದು ಅಜ್ಜಿಗೆ ಒಪ್ಪಿಸುತ್ತಾಳೆ. ಆದರೆ ಲೆಕ್ಕ ಬರುವುದಿಲ್ಲ. ಹೇಳಿದ್ದು ಮರೆಯುತ್ತಾಳೆ. ಅವಳು ಟಿಫನ್ ಬಾಕ್ಸ್ ಮರೆತು ಹೋದರೂ ನನಗೆ ಸೀಸವೇ ನೆನಪಾಗುತ್ತದೆ. ಡಾಕ್ಟರಮ್ಮ ನಿವೃತ್ತರಾಗುವ ಮೊದಲು ಕೊನೆಯ ಸಲ ಕೇಳಿದ್ದೆ. "ಅದರಿಂದ ಅಂತಾನೂ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ" ಎಂದರು. ಅಷ್ಟು ದೂರ ಹೋಗಿ ಅಷ್ಟು ಹೊತ್ತು ಕಾದದ್ದು ಈ ಉತ್ತರಕ್ಕಾ ಎಂದು ಬೇಸರವಾಗಿತ್ತು. ಅವರು ನನಗೆ ಸುಳ್ಳು ಹೇಳಲಿಲ್ಲ ಎನ್ನುವುದು ಹೊಳೆದದ್ದು ಎಷ್ಟೋ ದಿನದ ಮೇಲೆ.

ಹೋದ ತಿಂಗಳು ಒಂದು ಭಾನುವಾರ ಅವಳಿಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಒಂದೇ ಲೆಕ್ಕ ನಾಲ್ಕನೇ ಸಲ ತಪ್ಪಾಯಿತು. ನಾನು ಬೈಯಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಯಾಕಪ್ಪ ಯಾವಾಗ್ಲೂ ನನ್ನ ಹಂಗ್ ನೋಡ್ತೀಯ?"

"ಎಂಗೆ?"

"ಎಕ್ಸ್‌ರೇ ನೋಡೋ ಥರ." ಸ್ವಲ್ಪ ಹೊತ್ತು ಪುಸ್ತಕದ ಅಂಚು ಮಡಚಿದಳು, ಬಿಡಿಸಿದಳು. "ಅಜ್ಜಿ ನಂಗೆ ಬೂದಿ ವಿಷ್ಯ ಎಲ್ಲಾ ಹೇಳವ್ಳೆ. ನಂಗೆ ಲೆಕ್ಕ ಬರ್ದೇ ಇರೋದು ಅದ್ರಿಂದಾನಾ?"

ಅಲ್ಲ ಎನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ನನಗೂ ಎಸ್ಸೆಸ್ಸೆಲ್ಸಿ ಗಣಿತ ಎರಡನೇ ಸಲಕ್ಕೆ ಪಾಸಾದದ್ದು, ನಿನ್ನದು ನನ್ನ ತಲೆ ಎಂದು ನಗಿಸಿಬಿಡಬಹುದಿತ್ತು.

"ಗೊತ್ತಿಲ್ಲ ಕಣವ್ವ," ಎಂದೆ. "ಇರಬೌದು. ತಂದು ಆಕ್ದೋನು ನಾನೇ."

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ಇಷ್ಟು ವರ್ಷ ನೋಡುತ್ತಿದ್ದ ಹಾಗೆಯೇ, ಹುಡುಕುವ ಹಾಗೆ. ಆಮೇಲೆ ಪುಸ್ತಕವನ್ನು ನನ್ನ ಕಡೆ ಸರಿಸಿ, ಪೆನ್ಸಿಲ್ ಕೈಗೆ ಕೊಟ್ಟಳು.

"ಸರಿ. ಹಂಗಾದ್ರೆ ನೀನೇ ಕೂತ್ಕೊಂಡು ಬರೋವರ್ಗೂ ಹೇಳ್ಕೊಡಬೇಕು. ನಡುವೆ ಎದ್ದು ಓಡಾಡ್ಬಾರ್ದು."

ನಾನು ಕೂತೆ. ಐದನೇ ಸಲ, ಮೊದಲಿನಿಂದ ಹೇಳಿಕೊಟ್ಟೆ.